ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ

ಅಭಿವೃದ್ಧಿ ಯೋಜನೆಗಳ ವರದಿಗಳಲ್ಲಿ ಒಂದು ಬಗೆಯ ವಾಕ್ಯ ಪದೇ ಪದೇ ಎದುರಾಗುತ್ತದೆ: ‘ಇಷ್ಟು ಸಾವಿರ ಮಹಿಳೆಯರಿಗೆ ತರಬೇತಿ ನೀಡಲಾಯಿತು.’ ನೀಡಿದ್ದು ಸರಿ, ಆ ಮಹಿಳೆಯರು ಕಲಿತರೇ? ವರದಿ ಅದನ್ನು ಹೇಳುವುದಿಲ್ಲ. ಬಡತನ ನಿವಾರಣೆಯ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಪ್ರಶ್ನೆ ಎದುರಾದಾಗಲೆಲ್ಲ 1980ರ ದಶಕದ ಬಾಂಗ್ಲಾದೇಶ ನೆನಪಾಗುತ್ತದೆ. ಅಲ್ಲಿ ಒಂದು ಸಂಸ್ಥೆ ಈ ಪ್ರಶ್ನೆಯನ್ನು ಕೇಳಿದ್ದಷ್ಟೇ ಅಲ್ಲ, ಕಾರ್ಯಕರ್ತೆಯರ ಸಂಬಳವನ್ನೇ ಅದಕ್ಕೆ ಕಟ್ಟಿಹಾಕಿತು.

ವಾಂತಿಭೇದಿಯಾದ ಮಗುವನ್ನು ಹೆಚ್ಚಾಗಿ ಕೊಲ್ಲುವುದು ದೇಹದ ನೀರು ಮತ್ತು ಲವಣ ಬರಿದಾಗುವುದು. ಅದಕ್ಕಿದ್ದ ಚಿಕಿತ್ಸೆ ನರಕ್ಕೆ ದ್ರವ ಏರಿಸುವುದು. ನಮ್ಮ ಹಳ್ಳಿಗಳಲ್ಲಿ ‘ಗ್ಲೂಕೋಸ್ ಹಾಕಿಸುವುದು’ ಅನ್ನುತ್ತೇವಲ್ಲ, ಅದು. ಅದಕ್ಕೆ ಆಸ್ಪತ್ರೆ ಬೇಕು, ಶುದ್ಧ ದ್ರವ ಬೇಕು, ಸೂಜಿ ಹಿಡಿಯಬಲ್ಲ ಕೈ ಬೇಕು. ಬಡವರ ಮನೆಯ ಹತ್ತಿರ ಈ ಮೂರೂ ಇರಲಿಲ್ಲ. ಕರುಳಿನಲ್ಲಿ ಸಕ್ಕರೆಯ ಅಂಶ ಉಪ್ಪನ್ನು ಜೊತೆಗೆ ಒಳಗೆಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ ಎಂಬ ತಿಳಿವಳಿಕೆ 1960ರ ದಶಕದಲ್ಲಿ ಗಟ್ಟಿಯಾಯಿತು. ಕಾಲರಾ ರೋಗಿಗಳನ್ನೂ ಹೀಗೆ ಬಾಯಿಯ ಮೂಲಕವೇ ಉಳಿಸಿಕೊಳ್ಳಬಹುದು ಎಂದು ಢಾಕಾದ ಸಂಶೋಧಕರು 1968ರಲ್ಲಿ ತೋರಿಸಿದರು.

ಆಸ್ಪತ್ರೆಯ ಶಿಸ್ತಿನಲ್ಲಿ ನಡೆದದ್ದು ಹೊರಗೂ ನಡೆದೀತೆ ಎಂಬ ಅನುಮಾನವನ್ನು 1971ರ ಯುದ್ಧ ಪರೀಕ್ಷೆಗೆ ಒಡ್ಡಿತು. ಪಶ್ಚಿಮ ಬಂಗಾಳದ ಬನಗಾಂವ್‌ಗೆ ನಿರಾಶ್ರಿತರು ಹರಿದು ಬಂದರು, ಜೊತೆಗೆ ಕಾಲರಾ ಬಂತು. ಸಿರೆಗೆ ಏರಿಸುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾಪುಡಿ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಬಂಧುಗಳೇ ಅದನ್ನು ಲೋಟಗಳಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಮದ್ದು ಗೊತ್ತಾಯಿತು. ಆದರೆ ರಸ್ತೆಯಿಲ್ಲದ, ಓದು ಬಾರದ ಲಕ್ಷಾಂತರ ತಾಯಂದಿರ ಕೈಗೆ ಅದು ಸೇರುವುದು ಹೇಗೆ? ಅಷ್ಟು ಪೊಟ್ಟಣಗಳನ್ನು ತಯಾರಿಸಿ ಹಂಚುವ ಶಕ್ತಿ ಆಗಿನ ಬಾಂಗ್ಲಾದೇಶಕ್ಕೆ ಇರಲಿಲ್ಲ. ಯುದ್ಧದ ನಂತರ ಪುನರ್ವಸತಿಗಾಗಿ 1972ರಲ್ಲಿ ಹುಟ್ಟಿದ ಬ್ರಾಕ್ ಸಂಸ್ಥೆ ಪೊಟ್ಟಣವನ್ನೇ ಕೈಬಿಟ್ಟಿತು. ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಎಲ್ಲವೂ ಮನೆಯಲ್ಲಿರುವುದೇ, ಅಳತೆಗೆ ಕೈಯೇ ಸಾಕು. ಇದನ್ನು ಕಲಿಸಲು 1980ರಿಂದ ಮಹಿಳಾ ಕಾರ್ಯಕರ್ತೆಯರು ಮನೆ ಮನೆಗೆ ನಡೆದರು.

ಸಂಸ್ಥೆಯ ಸ್ಥಾಪಕ ಫಜಲೆ ಹಸನ್ ಅಬೇದ್ ಮೂಲತಃ ಲೆಕ್ಕಪತ್ರ ಬಲ್ಲವರು. ಎಷ್ಟು ಮನೆಗೆ ಹೋದಿರಿ ಎಂಬುದರ ಮೇಲೆ ಸಂಬಳ ಕೊಟ್ಟರೆ ಮನೆಗಳ ಸಂಖ್ಯೆ ಬೆಳೆಯುತ್ತದೆಯೇ ಹೊರತು ಕಲಿಕೆ ಬೆಳೆಯುವುದಿಲ್ಲ. ಹಾಗಾಗಿ ಕೆಲ ವಾರಗಳ ನಂತರ ಬೇರೊಬ್ಬ ಪರಿವೀಕ್ಷಕರು ಆಯ್ದ ಮನೆಗಳಿಗೆ ಹೋಗುತ್ತಿದ್ದರು. ಹೇಳಿಕೊಟ್ಟ ಅಂಶಗಳಲ್ಲಿ ಎಷ್ಟು ನೆನಪಿವೆ ಎಂದು ತಾಯಿಯನ್ನು ಕೇಳುತ್ತಿದ್ದರು, ಪಾನಕವನ್ನು ಅವಳಿಂದಲೇ ಮಾಡಿಸುತ್ತಿದ್ದರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ಆ ದ್ರಾವಣದ ಉಪ್ಪನ್ನೂ ಪರೀಕ್ಷಿಸುತ್ತಿದ್ದರು. ತಾಯಿಗೆ ಹೆಚ್ಚು ನೆನಪಿದ್ದಷ್ಟೂ ಕಾರ್ಯಕರ್ತೆಗೆ ಹೆಚ್ಚು ಹಣ. ತಾಯಿಗೆ ನೆನಪಿಲ್ಲದಿದ್ದರೆ ಅದು ಕಲಿಸಿದವಳ ಲೋಪವೇ ಹೊರತು ಕಲಿತವಳ ದಡ್ಡತನ ಎಂದಾಗಲಿಲ್ಲ. ಬಡವರ ಅಜ್ಞಾನವನ್ನು ದೂರುವ ಹಳೆಯ ಚಾಳಿ ಇಲ್ಲಿ ತಲೆಕೆಳಗಾಯಿತು.

ಆದರೂ ಮೊದಮೊದಲು ಬೇರೊಂದು ತೊಡಕು ಕಂಡಿತು: ತಾಯಂದಿರಿಗೆ ಪಾಠ ನೆನಪಿತ್ತು, ಮಗು ಕಾಯಿಲೆ ಬಿದ್ದಾಗ ಬಳಸುವವರು ಮಾತ್ರ ತೀರಾ ಕಡಿಮೆ. ಕಾರಣ ಹುಡುಕಿದಾಗ, ಕಲಿಸುವವರಿಗೇ ಈ ಬೆಲ್ಲದ ನೀರಿನ ಮೇಲೆ ನಂಬಿಕೆಯಿಲ್ಲ ಎಂಬುದು ತಿಳಿಯಿತು. ಅದು ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ಮನವರಿಕೆ ಮಾಡಿಸಿದರು. ಪಾಠ ಹೇಳುವಾಗ ತಾವೂ ಒಂದು ಗುಟುಕು ಕುಡಿಯುವಂತೆ ಹೇಳಿದರು. ಮನೆಯ ಗಂಡಸರನ್ನು ಹೊರಗಿಟ್ಟದ್ದೂ ತಪ್ಪೆಂದು ಕಂಡು ಮಸೀದಿ, ಸಂತೆಗಳಲ್ಲಿ ಅವರೊಡನೆ ಮಾತಾಡಿದರು. ದಶಕ ಮುಗಿಯುವಾಗ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಈ ಪಾಠ ನಡೆದಿತ್ತು.

ಇದರ ಪಕ್ಕದಲ್ಲಿ ಅದೇ ದೇಶದ ಇನ್ನೊಂದು ಕತೆಯನ್ನಿಟ್ಟು ನೋಡಬೇಕು. ಕೆರೆಕುಂಟೆಗಳ ಕೊಳಕು ನೀರಿನಿಂದ ಜನರನ್ನು ಬಿಡಿಸಲು 1970ರ ದಶಕದಿಂದ ಯುನಿಸೆಫ್ ನೆರವಿನೊಂದಿಗೆ ಕೊಳವೆಬಾವಿಗಳು ಭರದಿಂದ ಹರಡಿದವು. ಉದ್ದೇಶ ಒಂದೇ, ಮಕ್ಕಳನ್ನು ಭೇದಿಯಿಂದ ಕಾಪಾಡುವುದು. ಬಾವಿಗಳ ಲೆಕ್ಕ ವರ್ಷ ವರ್ಷ ಏರಿತು. ಆ ನೀರಿನಲ್ಲಿ ಆರ್ಸೆನಿಕ್ ಇದೆ ಎಂಬುದು ಅಲ್ಲಿ ಖಚಿತವಾದದ್ದು 1993ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಅದನ್ನು ಕುಡಿಯುತ್ತಿದ್ದರು. ಆಗಿನ ವಾಡಿಕೆಯ ಪರೀಕ್ಷೆಗಳಲ್ಲಿ ಆರ್ಸೆನಿಕ್ ಸೇರಿರಲಿಲ್ಲ, ಹಾಗಾಗಿ ಯಾರದೋ ದುರುದ್ದೇಶ ಎನ್ನಲಾಗದು. ಆದರೂ ಈ ವ್ಯತ್ಯಾಸ ನನ್ನನ್ನು ಕಾಡುತ್ತದೆ: ಒಂದು ಕಡೆ ಬಡ ತಾಯಿಯ ಲೋಟದಲ್ಲಿ ಏನಿದೆ ಎಂದು ನೋಡಿದರು, ಇನ್ನೊಂದು ಕಡೆ ಎಷ್ಟು ಬಾವಿ ಕೊರೆದಿದ್ದೇವೆ ಎಂದು ಎಣಿಸಿದರು.

ಬೆಲ್ಲದ ನೀರು ಬಡತನವನ್ನು ತೊಲಗಿಸಲಿಲ್ಲ. ಕುಡಿಯುವ ನೀರು, ಶೌಚಾಲಯ, ಭೂಮಿ, ಕೂಲಿ ಇವೆಲ್ಲ ಪ್ರಶ್ನೆಗಳಾಗಿಯೇ ಉಳಿದವು. 1990ರಿಂದೀಚೆಗೆ ಅಲ್ಲಿ ಶಿಶುಮರಣ ಬಹುವಾಗಿ ಇಳಿದದ್ದಕ್ಕೆ ಲಸಿಕೆ, ಹೆಣ್ಣುಮಕ್ಕಳ ಓದು ಮುಂತಾದ ಹಲವು ಕಾರಣಗಳಿವೆ. ಆದರೆ ಭೇದಿಯಾದ ಮಗುವಿಗೆ ತಕ್ಷಣ ಉಪ್ಪು-ಸಕ್ಕರೆಯ ನೀರು ಕುಡಿಸುವ ರೂಢಿ ಬಾಂಗ್ಲಾದೇಶದಲ್ಲಿ ಇಂದು ಬಹುತೇಕ ದೇಶಗಳಿಗಿಂತ ಹೆಚ್ಚಾಗಿ ಬೇರೂರಿದೆ. ಆಗ ಕಾರ್ಯಕರ್ತೆಯಿಂದ ಕಲಿತ ತಾಯಂದಿರ ಹೆಣ್ಣುಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಇದನ್ನು ಅವರಿಗೆ ಯಾವ ಯೋಜನೆಯೂ ಹೊಸದಾಗಿ ಕಲಿಸಬೇಕಾಗಿಲ್ಲ.