ಪುಲ್ಲಿಯ ಮೇಲಿನ ಗೀರು

ಹಳೆಯ ಅಂಬಾಸಡರ್ ಕಾರಿನ ಎಂಜಿನ್ನಿನ ಮುಂಭಾಗದಲ್ಲಿ, ಫ್ಯಾನ್ ಬೆಲ್ಟನ್ನು ತಿರುಗಿಸುವ ಒಂದು ಪುಲ್ಲಿ ಇರುತ್ತದೆ. ಅದರ ಅಂಚಿನಲ್ಲಿ ಸಣ್ಣದೊಂದು ಗೀರು. ಎದುರಿಗೆ ಎಂಜಿನ್ನಿನ ಮುಚ್ಚಳದ ಮೇಲೆ ಚಿಕ್ಕ ಮೊನೆಗಳು. ಉದ್ದನೆಯ ಮೊನೆಗೆ ಗೀರು ನೇರವಾಗಿ ಬಂದಾಗ ಒಂದನೇ ಸಿಲಿಂಡರಿನ ಪಿಸ್ಟನ್ ತುತ್ತತುದಿ ತಲುಪಿದೆ ಎಂದರ್ಥ. ಗ್ಯಾರೇಜಿನ ಮಾತಿನಲ್ಲಿ ಇದು ಟಿಡಿಸಿ. ಗ್ರೀಸು, ಧೂಳಿನಡಿ ಹೂತುಹೋಗಿರುವ ಈ ಗೀರಿಗೂ ಒಂದು ಚರಿತ್ರೆಯಿದೆ. ಕಿಡಿ ಯಾವಾಗ ಹಾರಬೇಕೆಂದು ತೀರ್ಮಾನಿಸುವವರು ಯಾರು ಎಂಬುದರ ಚರಿತ್ರೆ ಅದು.

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ತಾಗಿದ ತಕ್ಷಣ ಪೂರ್ತಿ ಉರಿದುಬಿಡುವುದಿಲ್ಲ. ಬೆಂಕಿ ಹರಡಲು ಸೆಕೆಂಡಿನ ಸಾವಿರದ ಕೆಲವು ಭಾಗ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 18 ಡಿಗ್ರಿ ಸರಿದುಹೋಗುತ್ತದೆ. ಆದ್ದರಿಂದ ಪಿಸ್ಟನ್ ಮೇಲೇರುವ ಮೊದಲೇ ಕಿಡಿ ಹಾರಬೇಕು. ಬೇಗನೆ ಹಾರಿದರೆ ಎಂಜಿನ್ ನಾಕಿಂಗ್ ಶುರುಮಾಡುತ್ತದೆ, ತಡವಾದರೆ ಗಾಡಿಗೆ ಪಿಕಪ್ ಇರುವುದಿಲ್ಲ, ಎಂಜಿನ್ ಕಾಯುತ್ತದೆ.

ಮೊದಮೊದಲು ಈ ಹೊತ್ತನ್ನು ಹಿಡಿತದಲ್ಲಿಡುವ ದಾರಿಯೇ ಇರಲಿಲ್ಲ. 1885ರ ಡೈಮ್ಲರ್ ಎಂಜಿನ್ನಿನಲ್ಲಿ ಕಿಡಿಯ ಬದಲು ಕೆಂಪಗೆ ಕಾದ ಕೊಳವೆಯಿತ್ತು. ಮಿಶ್ರಣ ಅದರೊಳಗೆ ಒತ್ತಿಕೊಂಡಾಗ ಹೊತ್ತಿಕೊಳ್ಳುತ್ತಿತ್ತು, ಅಷ್ಟೆ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೋನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್‌ನ ಜೋಡಿಯನ್ನು ರೂಪಿಸಿದ. ಅದೇ ಕಂಪನಿಯ ಭಾರತದ ಕವಲಾಗಿ 1951ರಲ್ಲಿ ಹುಟ್ಟಿದ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. ಮೈಕೊ ಪ್ಲಗ್ಗನ್ನು ಕೈಯಲ್ಲಿ ಹಿಡಿಯದ ಮೆಕ್ಯಾನಿಕ್ ನಮ್ಮಲ್ಲಿ ಸಿಗುವುದು ಕಷ್ಟ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಿಡಿಯ ಹೊತ್ತು ಚಾಲಕನ ಎಡಗೈಯಲ್ಲೇ ಇತ್ತು. ಸ್ಟಿಯರಿಂಗ್ ಕೆಳಗಿನ ಲಿವರನ್ನು ಅವನು ಎಂಜಿನ್ನಿನ ಸದ್ದು ಕೇಳಿಕೊಂಡು ಸರಿಸುತ್ತಿದ್ದ. ಕಿಡಿ ಮುಂದಾಗಿರುವಾಗಲೇ ಹ್ಯಾಂಡಲ್ ಹಾಕಿ ತಿರುವಿದರೆ ಅದು ಹಿಂದಕ್ಕೆ ಬಡಿಯುತ್ತಿತ್ತು. ಹಾಗೆ ಕೈಮೂಳೆ ಮುರಿದುಕೊಂಡವರು ಎಷ್ಟೋ ಮಂದಿ.

ಮುಂದೆ ಡಿಸ್ಟ್ರಿಬ್ಯೂಟರಿನೊಳಗೆ ವೇಗ ಹೆಚ್ಚಿದಂತೆ ಹೊರಕ್ಕೆ ಸರಿಯುವ ತೂಕದ ತುಂಡುಗಳು ಬಂದವು. ಲಿವರಿನ ಕೆಲಸವನ್ನು ಅವು ವಹಿಸಿಕೊಂಡವು. ಆದರೆ ಅವು ಎಲ್ಲಿಂದ ಶುರುಮಾಡಬೇಕೆಂದು ಯಾರಾದರೂ ಒಮ್ಮೆ ಗೊತ್ತುಮಾಡಿಕೊಡಲೇಬೇಕು. ಚಾಲಕನ ಕಿವಿಯಲ್ಲಿದ್ದ ತಿಳಿವು ಮೆಕ್ಯಾನಿಕ್‌ನ ಕಣ್ಣಿಗೆ ದಾಟಿದ್ದು ಇಲ್ಲಿ. ಪುಲ್ಲಿಯ ಗೀರಿಗೆ ಮಹತ್ವ ಬಂದದ್ದೂ ಹೀಗೆಯೇ.

ಗೀರಿನ ಮಾತನ್ನು ನಂಬಬೇಕಾದರೆ ಪುಲ್ಲಿ ಕ್ರ್ಯಾಂಕಿನ ಮೇಲೆ ಒಂದೇ ಒಂದು ಭಂಗಿಯಲ್ಲಿ ಕೂರಬೇಕು. ಅದಕ್ಕಾಗಿಯೇ ಅರ್ಧಚಂದ್ರದ ಆಕಾರದ ವುಡ್‌ರಫ್ ಕೀ ಇರುವುದು. ಆಯಿಲ್ ಸೀಲ್ ಬದಲಿಸಲು ಪುಲ್ಲಿ ಬಿಚ್ಚಿದವರು ಮತ್ತೆ ಕೂರಿಸುವಾಗ ಆ ಕೀ ಸವೆದಿದೆಯೇ, ಗಾಡಿಯೊಳಗೆ ಸರಿಯಾಗಿ ಕೂತಿದೆಯೇ ಎಂದು ನೋಡಲೇಬೇಕು. ಸವೆದ ಕೀ ಇಟ್ಟು ಬೋಲ್ಟ್ ಬಿಗಿದರೆ ಪುಲ್ಲಿ ತಿರುಗುತ್ತದೆ, ಗೀರು ಮಾತ್ರ ತನ್ನ ಜಾಗ ಬಿಟ್ಟಿರುತ್ತದೆ. ಬೇರೆ ಮಾಡೆಲ್‌ನ ಪುಲ್ಲಿ ಗಾತ್ರದಲ್ಲಿ ಹೊಂದಿದರೂ ಅದರ ಗೀರು ಬೇರೆ ಕಡೆ ಇರಬಹುದು.

ಇದಕ್ಕಿಂತ ಮೋಸದ ಇನ್ನೊಂದು ಸಂಗತಿಯಿದೆ. ಕ್ರ್ಯಾಂಕಿನ ತಿರುಚು ಕಂಪನವನ್ನು ತಗ್ಗಿಸುವ ಉಪಾಯ ಹುಡುಕಿದವರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಮುಖ್ಯ. ಆ ದಾರಿಯಲ್ಲೇ ಮುಂದೆ ಪುಲ್ಲಿ ಎರಡು ಭಾಗವಾಯಿತು: ಒಳಗೆ ಗುಂಬ, ಹೊರಗೆ ಬಳೆ, ನಡುವೆ ರಬ್ಬರ್. ಕೀ ಹಿಡಿದಿರುವುದು ಒಳಗಿನ ಗುಂಬವನ್ನು, ಗೀರಿರುವುದು ಹೊರಗಿನ ಬಳೆಯ ಮೇಲೆ. ವರ್ಷಗಳು ಕಳೆದು ರಬ್ಬರ್ ಸಡಿಲವಾದರೆ ಬಳೆ ಮೆಲ್ಲನೆ ಜಾರುತ್ತದೆ. ಟೈಮಿಂಗ್ ಲೈಟಿನ ಮಿಂಚಿನಲ್ಲಿ ಗೀರು ನಿಶ್ಚಲವಾಗಿ, ಸ್ಪಷ್ಟವಾಗಿ, ತಪ್ಪು ಜಾಗದಲ್ಲಿ ನಿಂತಿರುತ್ತದೆ.

ಕಡತಗಳ ನಡುವೆ ಕೆಲಸ ಮಾಡುವವರಿಗೆ ಇದು ಪರಿಚಿತ ಸಮಸ್ಯೆ. ದಾಖಲೆ ಅಚ್ಚುಕಟ್ಟಾಗಿದೆ ಎಂದ ಮಾತ್ರಕ್ಕೆ ಅದು ನಿಜ ಹೇಳುತ್ತಿದೆ ಎಂದಲ್ಲ. ಮೆಕ್ಯಾನಿಕ್‌ಗಳು ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಪ್ಲಗ್ಗುಗಳನ್ನು ಬಿಚ್ಚಿ, ಒಂದನೇ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಪಿಸ್ಟನ್ನಿಗೆ ತಡೆಯಾಗುವ ಒಂದು ಬೋಲ್ಟ್ ಹಾಕುತ್ತಾರೆ. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಪಿಸ್ಟನ್ ತಡೆಗೆ ತಾಗಿದಲ್ಲಿ ಪುಲ್ಲಿಯ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಹಿಂದಕ್ಕೆ ತಿರುಗಿಸಿ ಮತ್ತೆ ತಾಗಿದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಟಿಡಿಸಿ. ಹಳೆಯ ಗೀರು ಅಲ್ಲಿಲ್ಲದಿದ್ದರೆ ಹೊಸ ಗೀರು ಹಾಕಬೇಕು, ಇಲ್ಲವೇ ಪುಲ್ಲಿ ಬದಲಿಸಬೇಕು.

ಗೀರು ಸರಿಯಿದ್ದರೂ ಅದು ಅರ್ಧ ಸತ್ಯವನ್ನೇ ಹೇಳುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಕಿಡಿಗೆ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತದೆ. ಗೀರು ಮೊನೆಗೆ ಎರಡು ಸಲ ಬರುತ್ತದೆ: ಒಮ್ಮೆ ಮಿಶ್ರಣ ಒತ್ತಿಕೊಂಡಾಗ, ಇನ್ನೊಮ್ಮೆ ಹೊಗೆ ಹೊರಹೋಗುವಾಗ. ಯಾವುದು ಯಾವುದೆಂದು ತಿಳಿಯಲು ಪ್ಲಗ್ ರಂಧ್ರದ ಮೇಲೆ ಹೆಬ್ಬೆರಳಿಟ್ಟು ತಿರುಗಿಸುತ್ತಾರೆ. ಗಾಳಿ ಬೆರಳನ್ನು ತಳ್ಳಿದರೆ ಅದು ಕಿಡಿಯ ಸರದಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳಲ್ಲಿ ಈ ಗೊಂದಲ ಇರಲಿಲ್ಲ. ಅಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ಪಿಸ್ಟನ್ ತುದಿಗಿಂತ ಎಷ್ಟು ಮಿಲಿಮೀಟರ್ ಕೆಳಗಿರುವಾಗ ಪಾಯಿಂಟ್ ತೆರೆಯಬೇಕೆಂದು ಪ್ಲಗ್ ರಂಧ್ರದಿಂದಲೇ ಅಳೆಯುತ್ತಿದ್ದರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2014ರಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು.

ಈಗ ಕಿಡಿಯ ಹೊತ್ತನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದಕ್ಕೆ ಕ್ರ್ಯಾಂಕ್ ಎಲ್ಲಿದೆಯೆಂದು ತಿಳಿಸುವುದು ಹಲ್ಲುಗಳಿರುವ ಒಂದು ಚಕ್ರ. ಹಲ್ಲಿಲ್ಲದ ಒಂದು ಖಾಲಿ ಜಾಗವೇ ಇಂದಿನ ಗೀರು. ಕೆಲವು ಎಂಜಿನ್ನುಗಳಲ್ಲಿ ಆ ಹಲ್ಲುಗಳು ಇರುವುದು ರಬ್ಬರಿನ ಹೊರಗಿನ ಅದೇ ಬಳೆಯ ಮೇಲೆ. ಬಳೆ ಜಾರಿದರೆ ಕಂಪ್ಯೂಟರ್ ಕೂಡ ತಪ್ಪು ಗುರುತನ್ನೇ ನಂಬುತ್ತದೆ. ಸೀಮೆಸುಣ್ಣ ಹಿಡಿದು ಎರಡು ಗುರುತುಗಳ ನಡುವೆ ನಿಜ ಹುಡುಕಿದವರ ವಿದ್ಯೆ ಹೆಚ್ಚಿನಂಶ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಆ ಕೈಗಳು ಇನ್ನೂ ಕೆಲಸದಲ್ಲಿರುವಾಗಲೇ ಅದನ್ನು ಬರೆದಿಡುವುದು ನಮ್ಮ ತಲೆಮಾರಿನ ಸಂಶೋಧಕರ ಪಾಲಿಗೆ ಬಂದಿರುವ ಕೆಲಸ.