ಕಡಲಿಗೊಂದು ಕಟ್ಟಳೆ

ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರಿಗೆ ನೀರುಗಂಟಿಯುಂಟು; ಗೋಮಾಳಕ್ಕೆ ಊರಿನ ಕಟ್ಟುಪಾಡುಂಟು. ಹತ್ತು ಜನರಿಗೆ ಸೇರಿದ ವಸ್ತುವನ್ನು ಹತ್ತು ಜನರೂ ತಮ್ಮ ತಮ್ಮ ಇಚ್ಛೆಯಂತೆ ಬಳಸತೊಡಗಿದರೆ ಅದು ಒಬ್ಬರಿಗೂ ಉಳಿಯದೆಂಬುದನ್ನು ನಮ್ಮ ಹಿರಿಯರು ಯಾವ ಅರ್ಥಶಾಸ್ತ್ರದ ಗ್ರಂಥವನ್ನೂ ಓದದೆಯೇ ಅರಿತಿದ್ದರು. ಆದರೆ ಸಮುದ್ರದ ವಿಷಯದಲ್ಲಿ ಮಾತ್ರ ಮನುಷ್ಯನು ಬಹುಕಾಲ ಬೇರೆ ರೀತಿಯಾಗಿ ಎಣಿಸಿದನು. ಕಡಲು ಅಪಾರವಾದುದು, ಅದರ ಮೀನು ಅಗಣಿತವಾದುದು, ಬಲೆಗೆ ಬೀಳುವವರೆಗೆ ಅದು ಯಾರದೂ ಅಲ್ಲ, ಬಿದ್ದ ಮೇಲೆ ಹಿಡಿದವನದು ಎಂಬುದೇ ನ್ಯಾಯವಾಗಿತ್ತು. ಈ ನಂಬಿಕೆ ಹೇಗೆ ಮುರಿದುಬಿತ್ತು, ಅದರ ಸ್ಥಾನದಲ್ಲಿ ಸರ್ಕಾರದ ಕಟ್ಟಳೆ ಹೇಗೆ ಬಂದಿತು, ಬಂದ ಕಟ್ಟಳೆಯೂ ಹೇಗೆ ಸೋತಿತು ಎಂಬುದನ್ನು ಒಂದು ದ್ವೀಪದ ಚರಿತ್ರೆಯ ಮೂಲಕ ನಾವು ಇಲ್ಲಿ ವಿಚಾರಿಸೋಣ.

ಉತ್ತರ ಅಮೆರಿಕದ ಪೂರ್ವದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿಕೊಂಡು ನಿಂತಿರುವ ದ್ವೀಪ ನ್ಯೂಫೌಂಡ್‌ಲೆಂಡ್. ಅದರ ಆಗ್ನೇಯ ದಿಕ್ಕಿನಲ್ಲಿ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಹೆಸರಿನ, ಆಳ ಕಡಮೆಯಾದ ವಿಶಾಲವಾದ ಕಡಲ ಜಗಲಿಯುಂಟು. ಉತ್ತರದಿಂದ ಇಳಿದುಬರುವ ಲಾಬ್ರಡಾರ್ ಶೀತಪ್ರವಾಹವೂ ದಕ್ಷಿಣದಿಂದ ಬರುವ ಗಲ್ಫ್ ಸ್ಟ್ರೀಮ್ ಎಂಬ ಉಷ್ಣಪ್ರವಾಹವೂ ಅಲ್ಲಿಯೇ ಸಮೀಪದಲ್ಲಿ ಸಂಧಿಸುವುದರಿಂದ ಆ ನೀರು ಮೀನಿಗೆ ತವರುಮನೆಯಾಗಿದೆ. ೧೪೯೭ರಲ್ಲಿ ಏಳನೆಯ ಹೆನ್ರಿ ದೊರೆಯ ಅನುಮತಿಯನ್ನು ಪಡೆದು ಬ್ರಿಸ್ಟಲ್ ನಗರದಿಂದ ಹೊರಟ ಜಾನ್ ಕ್ಯಾಬಟ್ಟನು ಈ ಭಾಗವನ್ನು ಕಂಡು ಹಿಂದಿರುಗಿದನು. ಅಲ್ಲಿಯ ಮೀನನ್ನು ಹಿಡಿಯಲು ಬಲೆಯೇ ಬೇಕಾಗಿಲ್ಲ, ಕಲ್ಲು ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟರೂ ಸಾಕೆಂದು ಅವನ ಸಂಗಡಿಗರು ಹೇಳಿದ ಸುದ್ದಿಯನ್ನು ಲಂಡನ್ನಿನಲ್ಲಿದ್ದ ಇಟಲಿಯ ರಾಯಭಾರಿಯೊಬ್ಬನು ಮಿಲಾನಿನ ಪ್ರಭುವಿಗೆ ಕಾಗದ ಬರೆದು ತಿಳಿಸಿದನು.

ಆ ಮೀನಿನ ಹೆಸರು ಕಾಡ್. ಅದರ ಮಾಂಸದಲ್ಲಿ ಕೊಬ್ಬು ಬಹಳ ಕಡಮೆ. ಆದುದರಿಂದ ಉಪ್ಪು ಹಾಕಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡದೆ ಉಳಿಯುವುದು. ಶೀತಾಗಾರಗಳಿಲ್ಲದ ಆ ಕಾಲದಲ್ಲಿ ಈ ಒಂದು ಗುಣವೇ ಅದನ್ನು ಯೂರೋಪಿನ ದೊಡ್ಡ ವ್ಯಾಪಾರದ ಸರಕನ್ನಾಗಿ ಮಾಡಿತು. ಪೋರ್ಚುಗಲ್, ಸ್ಪೇನ್, ಫ್ರಾನ್ಸ್, ಇಂಗ್ಲೆಂಡುಗಳ ಹಡಗುಗಳು ವರ್ಷವರ್ಷವೂ ಬಂದುವು. ಕಡಲ ತೀರದ ಕಲ್ಲುಬಂಡೆಗಳ ಮೇಲೆ ಊರುಗಳು ಹುಟ್ಟಿದುವು. ನಾಲ್ಕುನೂರೈವತ್ತು ವರ್ಷಗಳ ಕಾಲ ಹಿಡಿದರೂ ಮೀನು ಮುಗಿಯಲಿಲ್ಲ.

ಏಕೆ ಮುಗಿಯಲಿಲ್ಲವೆಂಬುದು ಯೋಚಿಸತಕ್ಕ ಪ್ರಶ್ನೆ. ಅಲ್ಲಿಯ ಜನ ತ್ಯಾಗಿಗಳಾಗಿದ್ದರೆಂದು ಹೇಳುವಂತಿಲ್ಲ. ಬೇಸಗೆಯಲ್ಲಿ ಕ್ಯಾಪ್ಲಿನ್ ಎಂಬ ಚಿಕ್ಕ ಮೀನನ್ನು ಬೆನ್ನಟ್ಟಿಕೊಂಡು ಕಾಡ್ ತೀರದ ಬಳಿಗೆ ಬರುತ್ತಿತ್ತು. ಸಣ್ಣ ದೋಣಿಗಳ ಬೆಸ್ತರು ಗಾಳದಿಂದಲೂ ಬಲೆಯಿಂದಲೂ ಅದನ್ನು ಹಿಡಿಯುತ್ತಿದ್ದರು. ಚಳಿಗಾಲ ಬಂದೊಡನೆ ಅದು ದೂರದ ಆಳವಾದ ನೀರಿಗೆ ಸರಿದು, ಅಲ್ಲಿಯೇ ಮುಂದೆ ಮೊಟ್ಟೆಯಿಡುತ್ತಿತ್ತು. ಮಂಜುಗಡ್ಡೆ, ಬಿರುಗಾಳಿ, ಆಳ ಇವು ಮೂರೂ ಅದರ ಕಾವಲುಗಾರರು. ಹೀಗೆ ಸರ್ಕಾರವು ಬರೆಯದಿದ್ದ ಒಂದು ಕಾನೂನನ್ನು ಪ್ರಕೃತಿಯೇ ಬರೆದಿಟ್ಟಿತ್ತು. ಮನುಷ್ಯನ ಅಶಕ್ತಿಯೇ ಮೀನಿನ ರಕ್ಷೆಯಾಗಿತ್ತು.

ಈ ಅಶಕ್ತಿಯನ್ನೇ ಸಮುದ್ರದ ಅಕ್ಷಯತ್ವವೆಂದು ವಿದ್ವಾಂಸರೂ ಭ್ರಮಿಸಿದರು. ೧೬೦೯ರಲ್ಲಿ ಹಾಲೆಂಡಿನ ಗ್ರೋಷಿಯಸ್ಸನು ಮಹಾಸಮುದ್ರ ಯಾವ ರಾಜನ ಸ್ವತ್ತೂ ಆಗಲಾರದೆಂದು ವಾದಿಸಿದನು. ತೀರದಿಂದ ಮೂರು ಮೈಲಿಯವರೆಗೆ ಮಾತ್ರ ದೊರೆಯ ಅಧಿಕಾರ, ಆಚೆಗೆಲ್ಲ ಸರ್ವರಿಗೂ ಸ್ವಾತಂತ್ರ್ಯ ಎಂಬ ಪದ್ಧತಿ ಕ್ರಮೇಣ ಬೇರೂರಿತು. ೧೮೮೩ರಲ್ಲಿ ಲಂಡನ್ನಿನಲ್ಲಿ ನಡೆದ ಮೀನುಗಾರಿಕೆಯ ಪ್ರದರ್ಶನದಲ್ಲಿ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಹಕ್ಸ್‌ಲಿಯವರು ಕಾಡ್ ಮೊದಲಾದ ಕಡಲ ಮೀನುಗಳು ಮುಗಿಯದ ಭಂಡಾರವೆಂದು ಅಭಿಪ್ರಾಯಪಟ್ಟರು. ಅಂದಿನ ಸಾಧನಗಳ ಮಟ್ಟಿಗೆ ಎಂಬ ಎಲ್ಲೆಯನ್ನು ಅವರೇ ಹಾಕಿದ್ದರು. ಲೋಕವು ಅಭಿಪ್ರಾಯವನ್ನು ನೆನಪಿಟ್ಟುಕೊಂಡಿತು, ಎಲ್ಲೆಯನ್ನು ಮರೆಯಿತು.

ಸಾಧನಗಳೋ ಬಹುಬೇಗನೆ ಬದಲಾದುವು. ಆವಿಯ ಯಂತ್ರದಿಂದ ಎಳೆಯುವ ಟ್ರಾಲ್ ಬಲೆ ಮೊದಲು ಉತ್ತರ ಸಮುದ್ರದಲ್ಲಿ ತನ್ನ ಪ್ರತಾಪವನ್ನು ತೋರಿಸಿತು. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ದೋಣಿಗಳು ಅಲ್ಲಿಗೆ ಹೆಚ್ಚಾಗಿ ಹೋಗಲಾರದೆ ಇದ್ದುವು. ಯುದ್ಧ ಮುಗಿದು ಹೋದಾಗ ಮೀನು ಮೊದಲಿಗಿಂತ ಹೇರಳವಾಗಿಯೂ ದೊಡ್ಡದಾಗಿಯೂ ಸಿಕ್ಕಿತು. ಎರಡನೆಯ ಯುದ್ಧದಲ್ಲಿಯೂ ಹಾಗೆಯೇ ಆಯಿತು. ಯಾರೂ ಉದ್ದೇಶಿಸದೆ ನಡೆದ ಈ ಪರೀಕ್ಷೆಯಿಂದ ಎರಡು ಸಂಗತಿಗಳು ಸಿದ್ಧವಾದುವು: ಬಲೆಯಿಂದ ಕಡಲು ಬಡವಾಗುವುದು ನಿಜ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದೂ ನಿಜ.

೧೯೫೪ರಲ್ಲಿ ಬ್ರಿಟನ್ನಿನ ಫೇರ್‌ಟ್ರೈ ಎಂಬ ಹಡಗು ನೀರಿಗಿಳಿಯಿತು. ಮೀನನ್ನು ಹಿಡಿಯುವುದು, ಕೊಯ್ದು ಶುದ್ಧಿಮಾಡುವುದು, ಹಿಮಗಟ್ಟಿಸಿಡುವುದು ಎಲ್ಲವೂ ಅದರೊಳಗೇ ನಡೆಯುತ್ತಿದ್ದುವು. ಅದು ತೇಲುವ ಕಾರ್ಖಾನೆ. ಬೇಗನೆ ಸೋವಿಯೆತ್ ರಷ್ಯ, ಜರ್ಮನಿ, ಸ್ಪೇನ್, ಪೋರ್ಚುಗಲ್ ದೇಶಗಳ ಇಂಥ ಹಡಗುಗಳು ಗ್ರ್ಯಾಂಡ್ ಬ್ಯಾಂಕ್ಸಿನ ಸುತ್ತ ನೆರೆದುವು. ಚಳಿಗಾಲವೆನ್ನದೆ, ಆಳವೆನ್ನದೆ, ಮೊಟ್ಟೆಯಿಡಲು ಗುಂಪುಗೂಡಿದ ಮೀನನ್ನೇ ಬಾಚಿದುವು. ಅದುವರೆಗೆ ವರ್ಷಕ್ಕೆ ಮೂರು ಲಕ್ಷ ಟನ್ನುಗಳೊಳಗಿದ್ದ ಉತ್ತರದ ಕಾಡ್ ಮೀನಿನ ಹಿಡುವಳಿ ೧೯೬೮ರಲ್ಲಿ ಎಂಟು ಲಕ್ಷ ಟನ್ನುಗಳನ್ನು ಮುಟ್ಟಿತು. ಹತ್ತು ವರ್ಷಗಳೊಳಗೆ ಅದು ಒಂದೂವರೆ ಲಕ್ಷಕ್ಕಿಂತ ಕೆಳಗೆ ಕುಸಿಯಿತು. ಇದನ್ನು ನೋಡಿಕೊಳ್ಳಲೆಂದೇ ೧೯೪೯ರಲ್ಲಿ ಹಲವು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಒಂದು ಅಂತರರಾಷ್ಟ್ರೀಯ ಆಯೋಗವನ್ನು ಸ್ಥಾಪಿಸಿದ್ದುವು. ಆಯೋಗವು ಬಲೆಯ ಕಣ್ಣಿನ ಅಳತೆಯನ್ನು ಗೊತ್ತುಮಾಡಿತು. ಆಮೇಲೆ ಪಾಲುಗಳನ್ನೂ ಹಂಚಿತು. ಆದರೆ ಒಪ್ಪದವರನ್ನು ಒಪ್ಪಿಸುವ ಶಕ್ತಿ ಅದಕ್ಕಿರಲಿಲ್ಲ.

ಆಗ ಕೆನಡಾ ಸರ್ಕಾರ ೧೯೭೭ರ ಜನವರಿ ಒಂದರಿಂದ ತನ್ನ ಮೀನುಗಾರಿಕೆಯ ಎಲ್ಲೆಯನ್ನು ಇನ್ನೂರು ನಾಟಿಕಲ್ ಮೈಲಿಗಳಿಗೆ ವಿಸ್ತರಿಸಿತು. ನ್ಯೂಫೌಂಡ್‌ಲೆಂಡ್ ೧೯೪೯ರಲ್ಲಿಯೇ ಕೆನಡಾದೊಡನೆ ಸೇರಿತ್ತು. ಪರದೇಶದ ಹಡಗುಗಳು ಹಿಂದೆ ಸರಿದುವು, ಊರೂರುಗಳಲ್ಲಿ ಸಂತೋಷವಾಯಿತು. ಹೊಲಕ್ಕೆ ಬೇಲಿಯೇನೋ ಬಿತ್ತು. ಮುಂದೆ ನಡೆದುದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಸರ್ಕಾರದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪ್ರತಿವರ್ಷವೂ ಇರುವ ಮೀನಿನಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಮಾತ್ರ ಹಿಡಿಯಗೊಡಬೇಕೆಂದು ಅದು ನಿಶ್ಚಯಿಸಿತು. ಆದರೆ ಇರುವ ಮೀನೆಷ್ಟು? ಅದನ್ನು ಎಣಿಸಲು ಸಂಶೋಧನೆಯ ಹಡಗಿನ ಪರೀಕ್ಷೆ ಒಂದು ದಾರಿ. ದೊಡ್ಡ ಟ್ರಾಲರುಗಳಿಗೆ ಗಂಟೆಗೆಷ್ಟು ಮೀನು ಸಿಕ್ಕಿತೆಂಬ ಲೆಕ್ಕ ಇನ್ನೊಂದು ದಾರಿ. ಈ ಎರಡನೆಯ ದಾರಿ ಮೋಸದ ದಾರಿಯಾಯಿತು. ಕಾಡ್ ಕಡಮೆಯಾದಷ್ಟೂ ಉಳಿದುದು ಗುಂಪುಗೂಡುವುದು. ಟ್ರಾಲರು ಯಂತ್ರದ ಸಹಾಯದಿಂದ ಆ ಗುಂಪನ್ನೇ ಹುಡುಕಿಕೊಂಡು ಹೋಗುವುದು. ಆದುದರಿಂದ ಕಡಲು ಬರಿದಾಗುತ್ತಿದ್ದರೂ ಹಡಗಿನ ಲೆಕ್ಕ ಸಮೃದ್ಧಿಯನ್ನೇ ಹೇಳುತ್ತಿತ್ತು. ಬತ್ತುತ್ತಿರುವ ಕೆರೆಯ ನಡುಗುಂಡಿಯಲ್ಲಿ ಕೊಡ ಮುಳುಗಿಸಿ, ಕೊಡ ತುಂಬಿತು, ಆದುದರಿಂದ ಕೆರೆ ತುಂಬಿದೆಯೆಂದು ಹೇಳಿದಂತಾಯಿತು ಇದು.

ತೀರದ ಬೆಸ್ತರಿಗೆ ನಿಜ ಗೊತ್ತಿತ್ತು. ೧೯೮೦ರ ದಶಕದ ನಡುವಿನಿಂದಲೇ ಅವರ ಬಲೆಗೆ ಬೀಳುವ ಮೀನು ಕಡಮೆಯಾಯಿತು, ಗಾತ್ರವೂ ಕುಗ್ಗಿತು. ಅವರು ಸಂಘ ಕಟ್ಟಿಕೊಂಡು, ಜೀವಶಾಸ್ತ್ರ ಬಲ್ಲವರಿಂದ ಸರ್ಕಾರದ ಲೆಕ್ಕವನ್ನು ಪರಿಶೀಲನೆ ಮಾಡಿಸಿದರು. ಲೆಕ್ಕ ತಪ್ಪೆಂದು ಹೇಳಿದರು. ಅಕ್ಷರಸ್ಥರ ಕೋಷ್ಟಕದ ಎದುರಿಗೆ ಬೆಸ್ತನ ಅನುಭವಕ್ಕೆ ಬೆಲೆ ಸಿಗಲಿಲ್ಲ. ಕಡೆಗೆ ಸರ್ಕಾರದ ವಿಜ್ಞಾನಿಗಳೇ ತಮ್ಮ ಅಂದಾಜು ಅತಿಯಾಯಿತೆಂದು ಕಂಡುಕೊಂಡರು. ನಿಶ್ಚಯಿಸಿದ್ದ ನಿಯಮದಂತೆ ನಡೆಯುವುದಾದರೆ ೧೯೮೯ರ ಹಿಡುವಳಿ ೧,೨೫,೦೦೦ ಟನ್ನುಗಳನ್ನು ಮೀರಕೂಡದೆಂದು ಅವರ ಸಲಹೆ. ಮಂತ್ರಿಗಳು ಗೊತ್ತುಮಾಡಿದ್ದು ೨,೩೫,೦೦೦ ಟನ್ನು. ಒಮ್ಮೆಗೇ ಅರ್ಧಕ್ಕೆ ಇಳಿಸಿದರೆ ಕಾರ್ಖಾನೆಗಳು ಮುಚ್ಚುವುವು, ಊರುಗಳು ಉಪವಾಸ ಬೀಳುವುವು ಎಂಬ ಭಯ ಅವರಿಗೆ. ಲೆಸ್ಲಿ ಹ್ಯಾರಿಸ್ ಎಂಬ ವಿದ್ವಾಂಸರ ಅಧ್ಯಕ್ಷತೆಯ ಸಮಿತಿಯು ೧೯೯೦ರಲ್ಲಿ ಹಿಡುವಳಿಯನ್ನು ತಗ್ಗಿಸಲೇಬೇಕೆಂದು ಎಚ್ಚರಿಸಿತು. ತಗ್ಗಿಸಿದ್ದು ಸ್ವಲ್ಪ, ತಡಮಾಡಿದ್ದು ಬಹಳ. ಅದೇ ಕಾಲದಲ್ಲಿ ಸಮುದ್ರದ ನೀರು ಹೆಚ್ಚಾಗಿ ತಣ್ಣಗಾದುದೂ ಮೀನಿಗೆ ಕೇಡಾಯಿತೆಂದು ಕೆಲವರ ಅಭಿಪ್ರಾಯ. ಇದ್ದರೂ ಇರಬಹುದು, ಆದರೆ ಅಂಥ ಚಳಿಯನ್ನು ಹಿಂದೆ ಎಷ್ಟೋ ಸಲ ತಾಳಿಕೊಂಡಿದ್ದ ವಂಶ ಈ ಸಲ ಸೋತುದಕ್ಕೆ ಅದರ ಸಂಖ್ಯೆ ಮೊದಲೇ ಉಡುಗಿದ್ದುದೇ ಕಾರಣವೆಂದು ನಮಗೆ ತೋರುತ್ತದೆ.

೧೯೯೨ರ ಜುಲೈ ೨ರಂದು, ನ್ಯೂಫೌಂಡ್‌ಲೆಂಡಿನಲ್ಲಿಯೇ ಹುಟ್ಟಿ ಬೆಳೆದ ಮಂತ್ರಿ ಜಾನ್ ಕ್ರಾಸ್‌ಬಿಯವರು ಉತ್ತರದ ಕಾಡ್ ಹಿಡಿಯುವುದನ್ನು ಎರಡು ವರ್ಷ ನಿಲ್ಲಿಸಿರುವುದಾಗಿ ಸಾರಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಸುಮಾರು ಮೂವತ್ತು ಸಾವಿರ ಜನರ ಕೆಲಸ ಹೋಯಿತು. ಸರ್ಕಾರ ನೂರಾರು ಕೋಟಿ ಡಾಲರುಗಳನ್ನು ಪರಿಹಾರಕ್ಕೆ ಸುರಿಯಿತು. ೧೯೯೧ರಲ್ಲಿ ೫,೬೮,೦೦೦ದಷ್ಟಿದ್ದ ಆ ಪ್ರಾಂತದ ಜನಸಂಖ್ಯೆ ೨೦೦೧ರ ಹೊತ್ತಿಗೆ ೫,೧೩,೦೦೦ಕ್ಕೆ ಇಳಿಯಿತು. ತಾತ ಮುತ್ತಾತಂದಿರ ಕಾಲದಿಂದ ಕಡಲನ್ನು ನಂಬಿದ ಮನೆಗಳ ಮಕ್ಕಳು ದೂರದ ಪಟ್ಟಣಗಳಿಗೆ ಹೊರಟುಹೋದರು. ಎರಡು ವರ್ಷವೆಂದು ಹೇಳಿದ ನಿಷೇಧ ಮೂವತ್ತೆರಡು ವರ್ಷ ನಡೆಯಿತು. ೨೦೨೪ರ ಜೂನ್ ತಿಂಗಳಲ್ಲಿ ಅದನ್ನು ತೆರವುಮಾಡಿದಾಗ ಕೆನಡಾ ಗೊತ್ತುಮಾಡಿದ ಹಿಡುವಳಿ ೧೮,೦೦೦ ಟನ್ನು. ೧೯೬೮ರ ಹಿಡುವಳಿಯ ನಲವತ್ತೈದರಲ್ಲಿ ಒಂದು ಪಾಲು.

ಇದೇ ಕಡಲಿನ ಆಚೆಯ ಐಸ್‌ಲೆಂಡನ್ನು ಹೋಲಿಸಿ ನೋಡಬಹುದು. ಅದೂ ಕಾಡ್ ಮೀನನ್ನೇ ನಂಬಿದ ದೇಶ. ೧೯೫೨ರಿಂದ ೧೯೭೫ರವರೆಗೆ ತನ್ನ ಎಲ್ಲೆಯನ್ನು ನಾಲ್ಕು, ಹನ್ನೆರಡು, ಐವತ್ತು, ಇನ್ನೂರು ಮೈಲಿಗಳಿಗೆ ಹಂತಹಂತವಾಗಿ ಚಾಚಿ, ಬ್ರಿಟನ್ನಿನ ಯುದ್ಧನೌಕೆಗಳನ್ನೂ ಎದುರಿಸಿ ಗೆದ್ದಿತು. ಎಲ್ಲೆ ಗೆದ್ದ ಮೇಲೆ ಅಲ್ಲಿಯೂ ಅತಿಹಿಡುವಳಿ ನಡೆಯಿತು. ಆದರೆ ೧೯೯೫ರಲ್ಲಿ ಆ ಸರ್ಕಾರ ಇರುವ ಮೀನಿನಲ್ಲಿ ನಾಲ್ಕರಲ್ಲೊಂದು ಪಾಲಿಗೂ, ೨೦೦೭ರಲ್ಲಿ ಐದರಲ್ಲೊಂದು ಪಾಲಿಗೂ ಹಿಡುವಳಿಯನ್ನು ಮೊದಲೇ ಗೊತ್ತಾದ ನಿಯಮದಿಂದ ಕಟ್ಟಿಹಾಕಿತು. ವರ್ಷವರ್ಷವೂ ಮಂತ್ರಿಯ ಬಾಗಿಲಲ್ಲಿ ನಡೆಯುವ ಚೌಕಾಸಿಗೆ ಎಡೆ ಕಡಮೆಯಾಯಿತು. ಅಲ್ಲಿಯ ಕಾಡ್ ಉಳಿಯಿತು.

ಈ ವೃತ್ತಾಂತ ದೂರದೇಶದ್ದೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ನಮ್ಮ ಕರಾವಳಿಯಲ್ಲಿಯೂ ಮಳೆಗಾಲದ ಅಬ್ಬರವೇ ಪೂರ್ವದಲ್ಲಿ ಮೀನಿನ ಕಾವಲಾಗಿತ್ತು. ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವುದು ಮೊಗವೀರರ ಸಂಪ್ರದಾಯ. ಊರ ಜನರೆಲ್ಲ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ, ದಡದ ಬಳಿಗೆ ಬಂದ ಬೂತಾಯಿ ಬಂಗುಡೆಗಳನ್ನು ಮಾತ್ರ ಹಿಡಿಯಬಲ್ಲುದಾಗಿತ್ತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೊತ್ತಿತು. ಭಾರತ ಸರ್ಕಾರ ೧೯೭೬ರ ಕಾನೂನಿನಿಂದ ಇನ್ನೂರು ಮೈಲಿಗಳ ಆರ್ಥಿಕ ವಲಯವನ್ನು ಏರ್ಪಡಿಸಿತು. ಕರ್ನಾಟಕವು ೧೯೮೬ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ತನ್ನ ಕಾಯಿದೆಯನ್ನು ಮಾಡಿತು. ಈಗ ಪಶ್ಚಿಮ ತೀರದಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಅರವತ್ತೊಂದು ದಿನ ಯಂತ್ರದ ದೋಣಿಗಳಿಗೆ ನಿಷೇಧವುಂಟು. ಬಿರುಗಾಳಿ ಮಾಡುತ್ತಿದ್ದ ಕೆಲಸವನ್ನು ಈಗ ಕಾಯಿದೆ ಮಾಡಬೇಕಾಗಿದೆ.

ಆದರೆ ಅರವತ್ತೊಂದು ದಿನದ ನಿಷೇಧವು ಉಳಿದ ಮುನ್ನೂರು ದಿನಗಳ ದುರಾಸೆಗೆ ಪ್ರಾಯಶ್ಚಿತ್ತವಾಗಲಾರದು. ಮರಿಮೀನನ್ನು ಬಿಡುವಷ್ಟು ಬಲೆಯ ಕಣ್ಣು ಅಗಲವಾಗಿರಬೇಕು. ಬಂದರಿನಲ್ಲಿ ಇಳಿದ ಮೀನಿನ ಲೆಕ್ಕ ಸಾಚಾ ಆಗಿರಬೇಕು. ಆ ಲೆಕ್ಕವನ್ನು ಓದುವಾಗ ಸಣ್ಣ ದೋಣಿಯವನ ಮಾತಿಗೂ ಕಿವಿಗೊಡಬೇಕು. ಮೀನು ಮತ ಹಾಕುವುದಿಲ್ಲ, ಬೆಸ್ತ ಹಾಕುತ್ತಾನೆ. ಆದುದರಿಂದ ಸರ್ಕಾರಕ್ಕೆ ಇಂದಿನ ಬೆಸ್ತನ ಕೂಗು ಕೇಳಿಸುವಂತೆ ನಾಳೆಯ ಬೆಸ್ತನ ಕೂಗು ಕೇಳಿಸದು. ನ್ಯೂಫೌಂಡ್‌ಲೆಂಡಿನಲ್ಲಿ ೧೯೮೯ರ ಊರುಗಳನ್ನು ಉಳಿಸಹೋಗಿ ೧೯೯೨ರ ಊರುಗಳನ್ನು ಕಳೆದುಕೊಂಡರು. ಮೂರೇ ವರ್ಷಗಳ ಅಂತರ. ಜನ ಅವರೇ, ಮನೆಗಳೂ ಅವೇ. ಕಟ್ಟಳೆ ಮಾಡುವವರೂ ಅದಕ್ಕೆ ಒಳಪಡುವವರೂ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಕಡಲು ನಮ್ಮ ಮಕ್ಕಳ ಕಾಲಕ್ಕೂ ಮೀನು ಕೊಟ್ಟೀತು.