ಲೆಪ್ಟಿನ್: ಶೋಧದ ಇತಿಹಾಸ

ಲೆಪ್ಟಿನ್ ಕೊಬ್ಬಿನ ಕೋಶಗಳಲ್ಲಿ ತಯಾರಾಗುವ ಹಾರ್ಮೋನು. ದೇಹದಲ್ಲಿ ಎಷ್ಟು ಕೊಬ್ಬು ಕೂಡಿದೆ ಎಂಬ ಸುದ್ದಿಯನ್ನು ರಕ್ತದ ಮೂಲಕ ಮಿದುಳಿನ ಹೈಪೊಥಲಾಮಸ್‌ಗೆ ಮುಟ್ಟಿಸಿ ಹಸಿವನ್ನು ಹತೋಟಿಯಲ್ಲಿಡುತ್ತದೆ. ಬೊಜ್ಜಿಗೆ ಬಾಯಿಚಪಲವೇ ಕಾರಣ ಎಂಬ ಹಳೆಯ ತೀರ್ಪನ್ನು ಅಲುಗಾಡಿಸಿದ್ದು ಇದರ ಶೋಧ.

1949ರಲ್ಲಿ ಅಮೆರಿಕದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಪರೀತ ತಿಂದು ಊದಿಕೊಳ್ಳುವ ಇಲಿಗಳು ಹುಟ್ಟಿದವು. ದೋಷವಿದ್ದದ್ದು ಒಂದೇ ಒಂದು ವಂಶವಾಹಿಯಲ್ಲಿ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಅದು ಪ್ರಕಟವಾಗುತ್ತಿತ್ತು. ಈ ತಳಿಗೆ ‘ಓಬಿ’ ಎಂದು ಹೆಸರಾಯಿತು. 1966ರಲ್ಲಿ ವರದಿಯಾದ ‘ಡಿಬಿ’ ತಳಿಗೆ ಬೊಜ್ಜಿನ ಜೊತೆಗೆ ತೀವ್ರ ಮಧುಮೇಹವೂ ಇತ್ತು.

ಅಲ್ಲಿಯೇ ಕೆಲಸದಲ್ಲಿದ್ದ ಡಗ್ಲಸ್ ಕೋಲ್ಮನ್ ಎರಡೆರಡು ಇಲಿಗಳ ಮೈಯನ್ನು ಪಕ್ಕಕ್ಕೆ ಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಇಲಿಗೆ ಜೋಡಿಸಿದ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸತ್ತಿತು. ಡಿಬಿ ಮಾತ್ರ ತಿನ್ನುತ್ತಲೇ ಇತ್ತು. ಡಿಬಿಗೆ ಜೋಡಿಸಿದ ಓಬಿಯ ಗತಿಯೂ ಅದೇ ಆಯಿತು. ಇದರಿಂದ ಕೋಲ್ಮನ್ ತಲುಪಿದ ತೀರ್ಮಾನ ಅಸಾಧಾರಣವಾದುದು: ರಕ್ತದಲ್ಲಿ ‘ಸಾಕು’ ಎನ್ನುವ ಒಂದು ವಸ್ತುವಿದೆ; ಓಬಿಗೆ ಅದನ್ನು ತಯಾರಿಸಲು ಬಾರದು, ಡಿಬಿಗೆ ಅದನ್ನು ಗುರುತಿಸಲು ಬಾರದು. ಆ ವಸ್ತು ಯಾವುದೆಂದು ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಈ ಪ್ರಯೋಗಗಳ ತರ್ಕದಿಂದಲೇ ಇಷ್ಟು ಹೇಳಿದ್ದು ದೊಡ್ಡ ಸಾಧನೆ.

ಮನುಷ್ಯರಲ್ಲೂ ಬೊಜ್ಜಿನ ಹಿಂದೆ ವಂಶವಾಹಿಗಳಿವೆ ಎಂಬುದಕ್ಕೆ ಮುಖ್ಯವಾದ ಪುರಾವೆ 1986ರಲ್ಲಿ ಬಂತು. ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿದ್ದ 540 ಮಂದಿಯನ್ನು ಆಲ್ಬರ್ಟ್ ಸ್ಟಂಕರ್ಡ್ ತಂಡ ಅಧ್ಯಯನ ಮಾಡಿದಾಗ, ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತೇ ಹೊರತು ಸಾಕಿದವರನ್ನಲ್ಲ.

ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ತಂಡ ಓಬಿ ವಂಶವಾಹಿಯನ್ನು 1994ರಲ್ಲಿ ಪತ್ತೆಹಚ್ಚಿತು. ಅದರಿಂದ ತಯಾರಾಗುವ ಹಾರ್ಮೋನೇ ಕೋಲ್ಮನ್ ಊಹಿಸಿದ್ದ ವಸ್ತು, ಲೆಪ್ಟಿನ್. ಮುಂದಿನ ವರ್ಷ ಅದನ್ನು ಗುರುತಿಸುವ ಲೆಪ್ಟಿನ್ ಗ್ರಾಹಿಯೂ ಸಿಕ್ಕಿತು. ಡಿಬಿ ಇಲಿಗಳಲ್ಲಿ ಕೆಟ್ಟಿದ್ದದ್ದು ಅದೇ.

1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ, ಸದಾಫ್ ಫಾರೂಕಿ ಮತ್ತು ಸಂಗಡಿಗರು ಪಾಕಿಸ್ತಾನಿ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಕೊರತೆಯನ್ನು ಗುರುತಿಸಿದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ, ಎರಡು ವರ್ಷದ ಮಗುವಿನದು 29 ಕಿಲೋ. ಎಷ್ಟು ಉಣಿಸಿದರೂ ಅವರ ಹಸಿವು ಹಿಂಗುತ್ತಿರಲಿಲ್ಲ. ಲೆಪ್ಟಿನ್ ಚುಚ್ಚುಮದ್ದು ಶುರುವಾದ ಮೇಲೆ ಹುಡುಗಿಯ ಊಟ ತಾನಾಗಿ ಇಳಿಯಿತು. ಒಂದು ವರ್ಷದಲ್ಲಿ ಸುಮಾರು 16 ಕಿಲೋ ಕರಗಿತು. ಅಂಥ ಮಕ್ಕಳಿಗೆ ‘ಕಡಿಮೆ ತಿನ್ನಿ’ ಎಂದು ಬುದ್ಧಿಮಾತು ಹೇಳುವುದು ಎಷ್ಟು ನಿರ್ದಯವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಇಂಥ ಪ್ರಕರಣಗಳು ತೀರಾ ವಿರಳ. ಬೊಜ್ಜಿರುವ ಬಹುಪಾಲು ಜನರ ರಕ್ತದಲ್ಲಿ ಲೆಪ್ಟಿನ್ ಹೆಚ್ಚೇ ಇರುತ್ತದೆ, ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಎಲ್ಲರಿಗೂ ಅದೇ ಮದ್ದಾಗಲಿಲ್ಲ. ಸಾಮಾನ್ಯ ಬೊಜ್ಜಿನ ಹಿಂದೆ ನೂರಾರು ವಂಶವಾಹಿಗಳ ಚಿಕ್ಕಚಿಕ್ಕ ಪಾಲಿದೆ. 2007ರಲ್ಲಿ ಗುರುತಾದ ಎಫ್‌ಟಿಒ ಅವುಗಳಲ್ಲಿ ಪ್ರಬಲವಾದುದು. ಅದರ ಅಪಾಯಕಾರಿ ರೂಪವನ್ನು ಹೆತ್ತವರಿಬ್ಬರಿಂದಲೂ ಪಡೆದವರು ಯೂರೋಪಿಯನ್ನರ ಅಧ್ಯಯನದಲ್ಲಿ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು.